ಹೊಲಿಗೆ ಪೆಟ್ಟಿಗೆಯೊಳಗಿನ ಮುಲಾಮು

ಫುಜಿಎದಾ,
ಅಕ್ಟೋಬರ್ ೧೬, ೧೯೯೪, ಭಾನುವಾರ

ಪ್ರೀತಿಯ ಮಿನೊರಿಯ ಅಪ್ಪನಿಗೆ,

ಹೇಗಿದ್ದೀರಿ? ಸೊಂಟದ ನೋವು ಮತ್ತೆ ಕಾಣಿಸಿಕೊಂಡಿಲ್ಲ ತಾನೆ? ಕುಶಿರೊದಲ್ಲಿ ಆಗಲೇ ಬೆಳಗಿನ ಹೊತ್ತು ಬಾಯಿಂದ ಹಬೆ ಬರುವಷ್ಟು ಚಳಿಯೆಂದು ಟಿ.ವಿ.ಯಲ್ಲಿ ತೋರಿಸಿದರು. ಉಣ್ಣೆಯ ಒಳಅಂಗಿಗಳನ್ನು ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ, ಕಪಾಟಿನಲ್ಲಿಟ್ಟು ಮರೆಯಬೇಡಿ. ಕಂಪನಿಯ ವಸತಿಯಲ್ಲಿ ಒಬ್ಬರೇ ಇರುವ ಗಂಡಸರು ಬಿಸಿನೀರು ಸುರಿದ ನೂಡಲ್ಸ್ ತಿಂದು ಮಲಗುತ್ತಾರಂತೆ, ಹೆಂಡತಿ ಕೇಳಿದರೆ ತರಕಾರಿ ತಿಂದೆ ಅನ್ನುತ್ತಾರಂತೆ. ನೀವು ಹಾಗಲ್ಲವೆಂದು ನಂಬಿಕೊಂಡಿದ್ದೇನೆ, ನಂಬುವುದು ನನಗೆ ಅಭ್ಯಾಸವಾಗಿ ಹೋಗಿದೆ. ನೀವು ಕಳಿಸಿದ ಉಪ್ಪುಮೀನು ಬಂತು. ಅರ್ಧವನ್ನು ಅತ್ತೆ 'ಮಗ ಕಳ್ಸಿದ್ದು' ಅಂತ ಹೇಳಿಕೊಂಡು ಬೀದಿಯ ಮನೆಗಳಿಗೆಲ್ಲ ಹಂಚಿ ಬಂದರು. ಅತ್ತೆಯ ಆರೋಗ್ಯ ಚೆನ್ನಾಗಿದೆ. ಮಿನೊರಿಯೂ ಚೆನ್ನಾಗಿದ್ದಾಳೆ, ಮೊಣಕೈ ಮಡಿಕೆಯಲ್ಲಿ ಸಣ್ಣ ಕೆಂಪು ಬಿಟ್ಟರೆ ಮೈಯೆಲ್ಲ ನಯವಾಗಿದೆ. ನಾನು ಚೆನ್ನಾಗಿಲ್ಲ. ಅದನ್ನು ಹೇಳಲೆಂದೇ ಕೂತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಮನೆಯ ಫೋನು ಅತ್ತೆಯ ಕೋಣೆಯ ಬಾಗಿಲಿಗೆ ಒತ್ತಿಕೊಂಡಿದೆ, ಬಾಗಿಲು ಕಾಗದದ್ದು. ಕಳೆದ ಭಾನುವಾರ ನೀವು ಆ ಕಡೆಯಿಂದ ಮಾತಾಡುತ್ತಿದ್ದಾಗ ಅವರು ಟಿ.ವಿ. ಸದ್ದು ತಗ್ಗಿಸಿದರು. ಅದಕ್ಕೇ ನಾನು ಬರೀ 'ಹೂಂ, ಹೂಂ' ಅಂದೆ. ನೀವು ಅದನ್ನು ಒಪ್ಪಿಗೆ ಎಂದುಕೊಂಡು ಸಮಾಧಾನದಿಂದ ಫೋನಿಟ್ಟಿರಿ. ಅದು ಒಪ್ಪಿಗೆಯಲ್ಲ. ಹದಿಮೂರು ವರ್ಷದಿಂದ ನನ್ನ ಹೂಂಗಳನ್ನೆಲ್ಲ ನೀವು ಒಪ್ಪಿಗೆಯೆಂದೇ ತಿಳಿದಿದ್ದರೆ ಅದು ನನ್ನದೂ ತಪ್ಪು.

ಮೊದಲಿನಿಂದ ಬರೆಯುತ್ತೇನೆ, ಏಕೆಂದರೆ ನಿಮಗೆ ಎಲ್ಲವೂ ತುಂಡುತುಂಡಾಗಿ, ಅದೂ ನಿಮಗೆ ಹಿಡಿಸುವ ತುಂಡುಗಳಾಗಿ ಮಾತ್ರ ಗೊತ್ತಿದೆ. ಮೇ ತಿಂಗಳ ಶಾಲೆಯ ಕ್ರೀಡಾಕೂಟಕ್ಕೆ ನೀವು ಬರಲಿಲ್ಲ. ಮಕ್ಕಳು ಕೈಕೈ ಹಿಡಿದು ವೃತ್ತವಾಗಿ ಕುಣಿಯುವಾಗ ಮಿನೊರಿಯ ಬಲಗಡೆಯ ಹುಡುಗಿ ಅವಳ ಕೈ ಹಿಡಿಯಲಿಲ್ಲ, ಅಂಗಿಯ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ಎಡಗಡೆಯವಳು ಅದನ್ನೂ ಹಿಡಿಯಲಿಲ್ಲ. ಆಗ ಮಿನೊರಿಯ ಬೆರಳ ಸಂದುಗಳಲ್ಲಿ ಇಸುಬು ಒಡೆದು ನೀರು ಸೋರುತ್ತಿತ್ತು, ಕತ್ತು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಬೆಳಿಗ್ಗೆ ಹಾಸಿಗೆ ಕೊಡವಿದರೆ ಹೊಟ್ಟು ಉದುರುತ್ತಿತ್ತು. ನಾನು ಚಾಪೆಯ ಮೇಲೆ ಬುತ್ತಿ ಬಿಚ್ಚಿಟ್ಟುಕೊಂಡು ಚಪ್ಪಾಳೆ ತಟ್ಟುತ್ತಾ ಕೂತಿದ್ದೆ. ಪಕ್ಕದಲ್ಲಿ ಅತ್ತೆ, 'ಒಣಮೀನಿನ ಊರಿನ ರಕ್ತ ಕಣೆ, ನಮ್ಮ ಮನೇಲಿ ಯಾರಿಗೂ ಇಂಥ ಚರ್ಮ ಇರ್ಲಿಲ್ಲ' ಅಂದರು. ನಾನು ಯಾಯಿಜುವಿನಿಂದ ಬಂದವಳೆಂಬುದನ್ನು, ನನ್ನ ಅಮ್ಮ ಬಂದರಿನಲ್ಲಿ ಮೀನು ಹರವಿ ನಮ್ಮನ್ನು ಸಾಕಿದಳೆಂಬುದನ್ನು ಅವರು ಇಷ್ಟು ವರ್ಷವಾದರೂ ಮರೆತಿಲ್ಲ. ಮದುವೆಯಾಗಿ ಬಂದ ಮೂರನೇ ದಿನ ಅವರು ನನಗೆ ಕೊಟ್ಟ ಮೊದಲ ಉಡುಗೊರೆ ಒಂದು ತೌಡಿನ ಚೀಲ, ಕೆಂಪು ಬಟ್ಟೆಯಲ್ಲಿ ಅವರೇ ಹೊಲಿದದ್ದು. 'ದಿನಾ ಉಜ್ಕೊ, ಹತ್ತು ವರ್ಷಕ್ಕಾದ್ರೂ ಮನುಷ್ಯರ ಬಣ್ಣ ಬರುತ್ತೆ' ಎಂದಿದ್ದರು. ನೀವು ನಕ್ಕಿದ್ದಿರಿ. ನಾನೂ ನಕ್ಕಿದ್ದೆ.

ಕ್ರೀಡಾಕೂಟದ ಮರುದಿನ ಮಿನೊರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಸ್ಟೆರಾಯ್ಡ್ ಮುಲಾಮು ಕೊಟ್ಟು, ಎಲ್ಲಿಗೆ ಎಷ್ಟು, ಎಷ್ಟು ದಿನ, ಹೇಗೆ ನಿಧಾನವಾಗಿ ಕಡಿಮೆ ಮಾಡಬೇಕು ಎಲ್ಲವನ್ನೂ ಬರೆದುಕೊಟ್ಟರು. ಸಂಜೆ ನಾನು ಅಕ್ಕಿ ತೊಳೆಯುತ್ತಿದ್ದಾಗ ಅತ್ತೆ ಆ ಡಬ್ಬಿಯನ್ನು ಕಸದ ಚೀಲಕ್ಕೆ ಹಾಕಿಬಿಟ್ಟರು. ಆ ಮುಲಾಮು ಹಚ್ಚಿದರೆ ಚರ್ಮ ಕಪ್ಪಾಗುತ್ತದೆ, ಒಮ್ಮೆ ಹಚ್ಚಿದವರು ಸಾಯುವ ತನಕ ಬಿಡುವಂತಿಲ್ಲ ಎಂದು ಅವರು ಟಿ.ವಿ.ಯಲ್ಲಿ ನೋಡಿದ್ದರು. ಬೀದಿಯ ಹೆಂಗಸರೆಲ್ಲರೂ ಅದನ್ನೇ ನೋಡಿದ್ದರು, ನಾನೂ ನೋಡಿದ್ದೆ. ಆದರೆ ಡಾಕ್ಟರು ನನ್ನೆದುರು ಕೂತು ಅರ್ಧ ಗಂಟೆ ಹೇಳಿದ್ದರು, ಟಿ.ವಿ.ಯವರು ಮಿನೊರಿಯ ಬೆರಳುಗಳನ್ನು ನೋಡಿರಲಿಲ್ಲ. ಆಗ ನಿಮಗೆ ಫೋನ್ ಮಾಡಿದೆ, ಅತ್ತೆ ಸ್ನಾನಕ್ಕೆ ಹೋದಾಗ. ನಿಮ್ಮ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ: 'ಅಮ್ಮನ ಹತ್ರ ವಾದ ಯಾಕೆ? ಅವಳ ಪಾಡಿಗೆ ಅವಳು ಮಾಡ್ಕೊಳ್ಲಿ. ನೀನು ಗೊತ್ತಾಗ್ದಂಗೆ ಹಚ್ಚು. ಇಬ್ರಿಗೂ ಸಮಾಧಾನ.' ನನಗೂ ಅದು ಜಾಣತನವಾಗಿಯೇ ಕಂಡಿತು. ಮರುದಿನ ಹೋಗಿ ಮತ್ತೆ ಮುಲಾಮು ತಂದು, ನನ್ನ ಹಳೆಯ ಕೋಲ್ಡ್ ಕ್ರೀಮ್ ಡಬ್ಬಿಗೆ ತುಂಬಿ, ಮಿನೊರಿಗೆ ಶಾಲೆಯಲ್ಲಿ ಕೊಟ್ಟ ಹೊಲಿಗೆ ಪೆಟ್ಟಿಗೆಯಲ್ಲಿ ದಾರದ ಉಂಡೆಗಳ ಕೆಳಗೆ ಇಟ್ಟೆ. ಆ ಪೆಟ್ಟಿಗೆಗೆ ಅತ್ತೆ ಕೈ ಹಾಕುವುದಿಲ್ಲ, ಈಗಿನ ಮಕ್ಕಳ ಹೊಲಿಗೆ ನೋಡಿದರೆ ಅವರಿಗೆ ಮೈ ಉರಿಯುತ್ತದೆ.

ಹಾಗೆ ಶುರುವಾಯಿತು ನಮ್ಮ ಮನೆಯ ನಾಟಕ. ದಿನಾ ಸಂಜೆ ಅತ್ತೆ ಮೊಮ್ಮಗಳನ್ನು ಸ್ನಾನಕ್ಕೆ ಕೂರಿಸಿ, ತೌಡಿನ ಚೀಲವನ್ನು ಬಿಸಿನೀರಲ್ಲಿ ಹಿಂಡಿ, ಹಾಲಿನಂಥ ನೀರು ಬರುವ ತನಕ ಕಾದು ಮೆಲ್ಲಗೆ ಮೈ ಉಜ್ಜುವರು. ಆಮೇಲೆ ತುಪ್ಪೀರೆ ಬಳ್ಳಿಯ ನೀರನ್ನು ಹತ್ತಿಯಲ್ಲಿ ಅದ್ದಿ ಒತ್ತುವರು. ಅವರ ಪಕ್ಕದಲ್ಲಿ ಕೂತು ನೋಡಿದವರಿಗೆ ಗೊತ್ತು, ಅಷ್ಟು ಹಗುರವಾದ ಕೈ ನನ್ನದೂ ಅಲ್ಲ. ಮಗುವಿಗೆ ಉರಿದರೆ ಊದುತ್ತಿದ್ದರು. ಆ ಪ್ರೀತಿಯ ಬಗ್ಗೆ ನಾನು ಒಂದು ಮಾತೂ ಕೆಟ್ಟದ್ದಾಗಿ ಬರೆಯಲಾರೆ. ಅದೆಲ್ಲ ಮುಗಿದ ಮೇಲೆ ಮಿನೊರಿ ಪಾಠ ಓದುವ ನೆಪದಲ್ಲಿ ಮಹಡಿಗೆ ಬರುತ್ತಿದ್ದಳು, ನಾನು ಹೊಲಿಗೆ ಪೆಟ್ಟಿಗೆ ತೆಗೆಯುತ್ತಿದ್ದೆ. ಹತ್ತು ವರ್ಷದ ಮಗಳಿಗೆ ಅಜ್ಜಿಯ ಕಣ್ಣಿಗೆ ಮಣ್ಣೆರಚುವುದನ್ನು ನಾನೇ ಕಲಿಸಿದೆ. ಅವಳು ಬೇಗ ಕಲಿತಳು, ಯಾಕೆಂದೂ ಕೇಳಲಿಲ್ಲ. ಜುಲೈ ಹೊತ್ತಿಗೆ ಈಜುಕೊಳಕ್ಕೆ ಇಳಿಯುವಷ್ಟು ಮೈ ತಿಳಿಯಾಯಿತು.

ಆಗಸ್ಟಿನಲ್ಲಿ ಹಿರಿಯರ ಹಬ್ಬಕ್ಕೆ ನೀವು ನಾಲ್ಕು ದಿನ ಬಂದಿರಿ. ಊಟಕ್ಕೆ ಕೂತಾಗ ಅತ್ತೆ ಮಿನೊರಿಯ ತೋಳು ಎತ್ತಿ ನಿಮಗೆ ತೋರಿಸಿದರು. ನೀವು ಬಿಯರ್ ಗ್ಲಾಸು ಕೆಳಗಿಟ್ಟು, 'ಅಮ್ಮಾ, ನಿನ್ನ ಕೈಗುಣವೇ ಕೈಗುಣ' ಅಂದಿರಿ. ಅಂದವರೇ ನನ್ನ ಕಡೆ ನೋಡಿ ಕಣ್ಣು ಹೊಡೆದಿರಿ. ಅಷ್ಟು ತಿಂಗಳು ಸೇವೆ ಮಾಡಿದ್ದು ನಾನಾದರೂ ನನಗೆ ಹೊಗಳಿಕೆ ಬೇಕಿರಲಿಲ್ಲ, ನಿಜವಾಗಿ. ಆದರೆ ಆ ಕಣ್ಣು ಹೊಡೆದದ್ದನ್ನು ನಾನು ಇನ್ನೂ ಮರೆತಿಲ್ಲ. ನೀವು ಹೊಗಳಿದ ಮೇಲೆ ಅತ್ತೆಗೆ ಇದ್ದ ಒಂದು ಚೂರು ಅನುಮಾನವೂ ಹೋಯಿತು. ಎರಡು ದಿನ ಬಿಟ್ಟು, ನೀವು ವಿಮಾನ ಹತ್ತಿದ ಮೇಲೆ, ಅವರು ನನ್ನನ್ನು ಕರೆದು ಬರೆಯಲು ಕೂರಿಸಿದರು.

ಈ ವರ್ಷ ನಮ್ಮ ಒಂಬತ್ತು ಮನೆಗಳ ಸಾಲಿಗೆ ನಮ್ಮದೇ ಸರದಿಯ ಹೊಣೆ. ಮನೆಯಿಂದ ಮನೆಗೆ ಹೋಗುವ ಸುತ್ತೋಲೆಯ ಹಲಗೆಗೆ ಕಾಗದ ಸಿಕ್ಕಿಸಿ ಕಳಿಸುವ ಕೆಲಸ ನನ್ನದು. ಚರಂಡಿ ತೊಳೆಯುವ ದಿನ, ಕಸ ತೆಗೆಯುವ ವಾರ, ಬೆಂಕಿ ಆರಿಸುವ ಅಭ್ಯಾಸ, ಇಂಥವು. ಓದಿದವರು ಮನೆಯ ಮೊಹರು ಒತ್ತಿ ಪಕ್ಕದ ಮನೆಗೆ ದಾಟಿಸುತ್ತಾರೆ. ಅದರಲ್ಲಿ ನಮ್ಮ ಮಿನೊರಿಯ ಚರ್ಮ ವಾಸಿಯಾದ ಬಗೆಯನ್ನೂ ಹಾಕಬೇಕು, ಪಾಪ ಎಷ್ಟು ಮನೆಗಳಲ್ಲಿ ಇಂಥ ಮಕ್ಕಳಿವೆ, ಎಂದರು. ಅವರು ಹೇಳುತ್ತಾ ಹೋದರು, ನಾನು ಬರೆದೆ. ತೌಡು ಹೊಸದಿರಬೇಕು, ಚೀಲ ಹತ್ತಿಯದಿರಬೇಕು, ತುಪ್ಪೀರೆ ಬಳ್ಳಿಯನ್ನು ಶರತ್ಕಾಲದ ಹುಣ್ಣಿಮೆಯ ಸಂಜೆ ನೆಲದಿಂದ ಎರಡು ಅಡಿ ಮೇಲೆ ಕೊಯ್ದು, ಬೇರಿನ ಕಡೆಯ ತುದಿಯನ್ನು ಬಾಟಲಿಗೆ ಇಳಿಸಿ ಬಾಯಿ ಮುಚ್ಚಬೇಕು, ಬೆಳಿಗ್ಗೆ ತುಂಬಿರುತ್ತದೆ. ಕೊನೆಯಲ್ಲಿ, 'ಆಸ್ಪತ್ರೆ ಮುಲಾಮನ್ನ ಮೊದಲು ಎಸೀಬೇಕು, ಅದು ಮೈಯಲ್ಲಿದ್ರೆ ಇದು ಹಿಡಿಯಲ್ಲ ಅಂತ ಬರಿ' ಅಂದರು. ನನ್ನ ಪೆನ್ನು ನಿಂತಿತು. 'ಯಾಕೆ, ಅಕ್ಷರ ಮರೆತೋಯ್ತಾ?' ಎಂದರು. ಬರೆದೆ. ನನ್ನ ದುಂಡು ಅಕ್ಷರದಲ್ಲಿ, ಕೆಳಗೆ ಗೆರೆ ಬೇರೆ ಎಳೆದು. ಮಿನೊರಿಯನ್ನು ಕರೆದು ಮೂಲೆಯಲ್ಲಿ ತುಪ್ಪೀರೆಕಾಯಿಯ ಚಿತ್ರ ಬರೆಸಿದರು. ಒಂದು ವಾರದಲ್ಲಿ ಹಲಗೆ ಒಂಬತ್ತು ಮೊಹರು ಹೊತ್ತು ವಾಪಸು ಬಂತು.

ನೀವು ನಿಮ್ಮ ಅಮ್ಮನನ್ನು ಈ ಸೆಪ್ಟೆಂಬರಿನಲ್ಲಿ ನೋಡಬೇಕಿತ್ತು. ಹುಣ್ಣಿಮೆಯ ಸಂಜೆ ಏಳು ಮನೆಯ ಹೆಂಗಸರು ಕೈಯಲ್ಲಿ ಖಾಲಿ ಬಾಟಲಿ ಹಿಡಿದು ನಮ್ಮ ಹಿತ್ತಲಲ್ಲಿ ನಿಂತಿದ್ದರು. ಇಡೀ ಜೀವಮಾನ ಮಾವನ ಹೆಂಡತಿಯಾಗಿ, ನಿಮ್ಮ ತಾಯಿಯಾಗಿ ಮಾತ್ರ ಕರೆಸಿಕೊಂಡ ಮುದುಕಿಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಜನ ತಲೆಬಾಗಿದರು. ಅವರು ಕತ್ತರಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ಓಡಾಡುತ್ತಿದ್ದರು, ತಮ್ಮ ಸುಕ್ಕಿಲ್ಲದ ಬಿಳಿ ಕತ್ತನ್ನು ಎಲ್ಲರಿಗೂ ಮುಟ್ಟಿ ನೋಡಲು ಕೊಟ್ಟರು. ಈ ಸಂತೋಷವನ್ನು ನಾನು ಕಿತ್ತುಕೊಳ್ಳಲಾರೆ ಅಂದುಕೊಂಡೆ. ಎಲ್ಲರಿಗೂ ಚಹಾ ಕೊಟ್ಟೆ. ಬಂದವರಲ್ಲಿ ಪಕ್ಕದ ಮನೆಯ ಕುವಾಬಾರಾ ಅವರ ಸೊಸೆ ಎರಿಕೊ ಇದ್ದಳು, ಬಗಲಲ್ಲಿ ಮೂರು ವರ್ಷದ ಕಾಹೊ. ಆ ಮಗುವಿನ ಕೆನ್ನೆ ಹುಟ್ಟಿದಾಗಿನಿಂದ ಒಡೆದದ್ದು ನಿಮಗೆ ನೆನಪಿರಬಹುದು. ಆದರೆ ಮುಲಾಮು ಹಚ್ಚಿಕೊಂಡು ಹೇಗೋ ನಿಭಾಯಿಸುತ್ತಿದ್ದರು. ಎರಿಕೊ ನನ್ನ ಕೈ ಹಿಡಿದು, 'ನೀವು ಬರ್ದಿದ್ದು ಓದಿ ಅವತ್ತೇ ಎಸ್ದೆ ಅಕ್ಕ. ಈಗ ಜಾಸ್ತಿ ಆಗಿದೆ, ಮೊದ್ಲು ವಿಷ ಹೊರಗೆ ಬರ್ಬೇಕಂತಲ್ಲ' ಎಂದಳು. ಆಗಲೇ ಹೇಳಬಹುದಿತ್ತು. ಹಿತ್ತಲಲ್ಲಿ ಅಷ್ಟು ಜನರ ನಡುವೆ ಅತ್ತೆ ನಗುತ್ತಿದ್ದರು. ನಾನು 'ಹೂಂ' ಅಂದೆ.

ಮುಂದಿನದು ನಿಮಗೆ ಗೊತ್ತು, ಆದರೆ ಫೋನಿನಲ್ಲಿ ಹೇಳಿದಷ್ಟೇ ಗೊತ್ತು. ಈ ತಿಂಗಳ ಏಳನೇ ತಾರೀಖು ಕಾಹೊವನ್ನು ಆಸ್ಪತ್ರೆಗೆ ಒಯ್ಯುವಾಗ ನಾನು ನೋಡಿದೆ. ಮುಖ ಪೂರ್ತಿ ಹಸಿ ಗಾಯ, ಅದರ ಮೇಲೆ ನೀರ್ಗುಳ್ಳೆಗಳು, ರೆಪ್ಪೆ ಊದಿ ಎರಡೂ ಕಣ್ಣು ಮುಚ್ಚಿದ್ದವು. ಮಗು ಅಳುತ್ತಿರಲಿಲ್ಲ, ಅಳಲು ಬಾಯಿ ಅಗಲಿಸಿದರೆ ಚರ್ಮ ಬಿರಿಯುತ್ತಿತ್ತು. ತೆರೆದ ಗಾಯಕ್ಕೆ ಸೋಂಕು ಹತ್ತಿದೆ, ಇನ್ನೆರಡು ದಿನ ಬಿಟ್ಟು ತಂದಿದ್ದರೆ ಕಣ್ಣಿಗಿಳಿಯುತ್ತಿತ್ತು ಎಂದರಂತೆ ಡಾಕ್ಟರು. ಒಂಬತ್ತನೇ ತಾರೀಖು ನಾನು ನಿಮಗೆ ಫೋನ್ ಮಾಡಿದ್ದು ಇದಕ್ಕೆ. ನೀವು ಅಂದದ್ದು: 'ಈಗ ಹೇಳಿದ್ರೆ ಅಮ್ಮ ಆ ಬೀದೀಲಿ ತಲೆ ಎತ್ಕೊಂಡು ಓಡಾಡೋಕಾಗುತ್ತಾ? ಮಗು ಹೇಗೂ ಹುಷಾರಾಗ್ತಿದೆಯಲ್ಲ. ಹೊಸ ವರ್ಷಕ್ಕೆ ಬರ್ತೀನಿ, ಆಗ ನೋಡೋಣ.' ಹೊಸ ವರ್ಷಕ್ಕೆ ನೋಡಲು ಇದೇನು ಮನೆಯ ಸುಣ್ಣಬಣ್ಣವೇ?

ಮಗುವನ್ನು ಆಸ್ಪತ್ರೆಗೆ ಸೇರಿಸಿದ್ದನ್ನಷ್ಟೇ ಅತ್ತೆಗೆ ಹೇಳಿದೆ, ಮುಲಾಮಿನ ಮಾತೆತ್ತಲಿಲ್ಲ. ಅದಕ್ಕೆ ಅವರು, ಎರಿಕೊ ನಂಬಿಕೆಯಿಟ್ಟು ಮಾಡಿರಲಿಕ್ಕಿಲ್ಲ, ಕದ್ದು ಚಾಕೊಲೇಟ್ ತಿನ್ನಿಸಿರಬೇಕು ಎಂದರು. ನಾನು ಬೈಯಬೇಕೆಂದಿದ್ದೆ, ಆಗಲಿಲ್ಲ. ಅವರಿಗೆ ಬೇರೆ ಏನು ಕಾರಣ ಸಿಗಬೇಕು ಹೇಳಿ. ಅವರ ಕಣ್ಣೆದುರು ಅವರ ಮೊಮ್ಮಗಳು ವಾಸಿಯಾಗಿ ನಿಂತಿದ್ದಾಳೆ. ಸುಳ್ಳನ್ನು ಕಣ್ಣಾರೆ ನೋಡುವಂತೆ ಮಾಡಿಕೊಟ್ಟವರು ನೀವು ಮತ್ತು ನಾನು.

ಶುಕ್ರವಾರ ಎರಿಕೊ ಬಟ್ಟೆ ಒಯ್ಯಲು ಮನೆಗೆ ಬಂದವಳು ನಮ್ಮ ಬಾಗಿಲಿಗೂ ಬಂದಳು. ಜಗಳಕ್ಕೆ ಬಂದಳೆಂದು ನಾನು ಸಿದ್ಧವಾಗಿ ನಿಂತೆ, ಒಂದು ರೀತಿಯಲ್ಲಿ ಆಸೆಯಿಂದಲೂ ನಿಂತೆ. ಅವಳು ಹೊಸಿಲಲ್ಲಿ ಬಗ್ಗಿ ನಮಸ್ಕರಿಸಿದಳು. ಅಷ್ಟು ಒಳ್ಳೆಯ ಮದ್ದು ಕೊಟ್ಟರೂ ಕೆಡಿಸಿಕೊಂಡೆ, ಕ್ಷಮಿಸಿ ಅಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, 'ನಾನೇನು ತಪ್ಪು ಮಾಡ್ದೆ ಅಕ್ಕ? ಜೋರಾಗಿ ಉಜ್ಜಿಬಿಟ್ನಾ? ಮಿನೊರಿಗೆ ನೀವು ಹೇಗೆ ಮಾಡ್ತಿದ್ರಿ, ಒಂದ್ಸಲ ತೋರ್ಸಿ.' ಮಂಗಳವಾರ ಮಗು ಮನೆಗೆ ಬರುತ್ತದೆ. ಡಾಕ್ಟರು ಕೊಟ್ಟ ಮುಲಾಮು ಮುಗಿದ ಕೂಡಲೇ ಈ ಸಲ ಸರಿಯಾಗಿ ಮೊದಲಿನಿಂದ ಮಾಡುತ್ತೇನೆ, ಇನ್ನೊಂದು ಬಾಟಲಿ ಇದ್ದರೆ ಕೊಡಿ ಎಂದಳು. ಒಳಗಿನಿಂದ ಅತ್ತೆ, ನಿನಗೆಂದೇ ತೆಗೆದಿಟ್ಟಿದ್ದೇನೆ ತಾಯಿ, ನಾನೇ ತಂದುಕೊಡುತ್ತೇನೆ ಎಂದು ಕೂಗಿದರು. ಅವಳು ಹೋದಮೇಲೆ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಿನೊರಿ ಮೆಲ್ಲಗೆ ನನ್ನ ಹತ್ತಿರ ಬಂದಳು. 'ಅಮ್ಮಾ, ಕಾಹೊ ಅಮ್ಮನ ಹತ್ರ ಡಬ್ಬಿ ಇಲ್ವಾ?'

ಎಲ್ಲ ಅಮ್ಮಂದಿರ ಹತ್ತಿರವೂ ಅಂಥದೊಂದು ಡಬ್ಬಿ ಇರುತ್ತದೆಂದು ನಿಮ್ಮ ಮಗಳು ತಿಳಿದಿದ್ದಳು. ಅಜ್ಜಿ ಕೆಳಗೆ ನೀರು ಒತ್ತುತ್ತಾರೆ, ಅಮ್ಮ ಮೇಲೆ ಮುಲಾಮು ಹಚ್ಚುತ್ತಾಳೆ, ಅಪ್ಪ ದೂರದಿಂದ ಬಂದು ಹೊಗಳುತ್ತಾನೆ, ಸಂಸಾರವೆಂದರೆ ಇದೇ ಎಂದು.

ಏನು ಮಾಡಲಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಕೇಳಿ ಕೇಳಿಯೇ ಇಲ್ಲಿಗೆ ಬಂದು ನಿಂತಿದ್ದೇನೆ. ನಿಮ್ಮನ್ನು ದ್ವೇಷಿಸುತ್ತಿಲ್ಲ, ಆದರೆ ನಿಮ್ಮ ಮೇಲೆ ತುಂಬಾ ಸಿಟ್ಟಿದೆ. ಮನೆಯಲ್ಲಿ ಸಮಾಧಾನವಿರಬೇಕು ಎಂದು ನೀವು ಯಾವಾಗಲೂ ಹೇಳುತ್ತೀರಿ. ಆ ಸಮಾಧಾನವನ್ನು ದಿನಾ ಬೇಯಿಸಿ ಬಡಿಸುವವಳು ನಾನು, ದೂರದಲ್ಲಿ ಕೂತು ಉಣ್ಣುವವರು ನೀವು. ಇದನ್ನೆಲ್ಲ ಎದುರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಕಾಗದದ ಮೇಲೆ ಬಂದುಬಿಟ್ಟಿದೆ, ಹರಿದು ಹಾಕುವುದಿಲ್ಲ.

ಹಿಮ ಬೀಳುವ ಮುಂಚೆ ಕಿಟಕಿಯ ಸಂದುಗಳಿಗೆ ಕಾಗದ ಅಂಟಿಸಿಕೊಳ್ಳಿ, ಕುಡಿಯುವುದನ್ನು ಶನಿವಾರಕ್ಕೆ ಮಾತ್ರ ಇಟ್ಟುಕೊಳ್ಳಿ. ಸೊಂಟ ಹಿಡಿದರೆ ಅಲ್ಲಿಯ ಡಾಕ್ಟರಿಗೆ ತೋರಿಸಿ, ಮನೆಮದ್ದು ಮಾಡಿಕೊಳ್ಳಬೇಡಿ. ಮೈ ಜೋಪಾನ.

ನಿಮ್ಮ,
ಮುತ್ಸುಮಿ

ಮರೆತಿದ್ದು: ಇದು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಹಲಗೆ ಕಳಿಸಿಬಿಟ್ಟೆ. ಚರಂಡಿ ತೊಳೆಯುವ ದಿನದ ಕೆಳಗೆ ಇಷ್ಟು ಬರೆದಿದ್ದೇನೆ: 'ನಮ್ಮ ಮಿನೊರಿಯ ಚರ್ಮ ವಾಸಿಯಾದದ್ದು ಆಸ್ಪತ್ರೆಯ ಮುಲಾಮಿನಿಂದ. ಅತ್ತೆಗೆ ತಿಳಿಯದಂತೆ ಹಚ್ಚಿದವಳು ನಾನು. ಮುಲಾಮು ಎಸೆಯಿರಿ ಎಂದು ಬರೆದವಳೂ ನಾನೇ. ದಯವಿಟ್ಟು ಮಕ್ಕಳನ್ನು ಡಾಕ್ಟರಿಗೆ ತೋರಿಸಿ.' ನಿಮ್ಮ ಹೆಸರು ಬರೆದಿಲ್ಲ, ಅದನ್ನು ನೀವೇ ಬಂದು ಹೇಳಬೇಕು. ಯಾವಾಗಲೂ ಹಲಗೆ ಬಲಗಡೆಯ ಮನೆಯಿಂದ ಹೊರಟು ಕೊನೆಗೆ ಕುವಾಬಾರಾ ಮನೆಗೆ ಬರುತ್ತದೆ. ಈ ಸಲ ಸುತ್ತನ್ನು ತಿರುಗಿಸಿ ಮೊದಲು ಅಲ್ಲಿಗೇ ಕೊಟ್ಟೆ, ಬಟ್ಟೆಗೆಂದು ಮತ್ತೆ ಮನೆಗೆ ಬಂದಿದ್ದ ಎರಿಕೊ ಕೈಗೇ. ಅವಳು ಓದುವವರೆಗೆ ನಿಲ್ಲದೆ ಹೇಡಿಯ ಹಾಗೆ ಮನೆಗೆ ಬಂದು ನಿಮಗೆ ಬರೆಯುತ್ತಾ ಕೂತೆ. ಎಂಟು ಮನೆ ಸುತ್ತಿ ನಮ್ಮ ಮನೆಗೆ ವಾಪಸಾಗಲು ವಾರ ಬೇಕು, ಅಷ್ಟರಲ್ಲಿ ಅತ್ತೆಯನ್ನು ನಾನೇ ಕೂರಿಸಿಕೊಂಡು ಹೇಳೋಣ ಎಂದಿದ್ದೆ. ಈಗ ಅವರು ಬಾಟಲಿಯನ್ನು ಹಬ್ಬದ ಬಟ್ಟೆಯಲ್ಲಿ ಕಟ್ಟಿಕೊಂಡು ಹಿತ್ತಲಲ್ಲಿ ಹಣ್ಣು ಕೀಳುತ್ತಿದ್ದಾರೆ, ಕಾಹೊಗೆಂದು. ಈ ಹೊತ್ತಿಗೇ ಪಕ್ಕದ ಮನೆಗೆ ಹೋಗುತ್ತಾರಂತೆ. ಕೂಗಿ ತಡೆದೆ, ಎರಡು ನಿಮಿಷ ಕಣೆ ಅಂತ ನಕ್ಕು ಗೇಟು ದಾಟಿದರು. ನಾನೂ ಹೋಗುತ್ತಿದ್ದೇನೆ. ಆ ಬಾಗಿಲಲ್ಲಿ ಅವರೊಬ್ಬರೇ ನಿಲ್ಲಬಾರದು. ಅವರ ಪಕ್ಕದಲ್ಲಿ ನೀವು ನಿಲ್ಲಬೇಕಿತ್ತು.